ಉಚಿತ ನೆರವು: ವಾರಾನ್ನದಿಂದ ಅಂಗನವಾಡಿಯವರೆಗೆ

ಮಗುವೊಂದು ಬೆಳೆದು ತನ್ನ ಕಾಲ ಮೇಲೆ ನಿಲ್ಲಬೇಕಾದರೆ ತಾಯಿತಂದೆಗಳ ಪ್ರೀತಿಯೊಂದೇ ಸಾಲದು. ಹೊಟ್ಟೆಗೆ ಅನ್ನ, ಮೈಗೆ ಆರೋಗ್ಯ, ಕೈಗೆ ಪುಸ್ತಕ, ಕಷ್ಟ ಬಂದಾಗ ಹೇಳಿಕೊಳ್ಳಲು ಒಬ್ಬ ಹಿತೈಷಿ, ಇವಿಷ್ಟೂ ಬೇಕು. ಇವುಗಳನ್ನು ಹಣ ಕೊಟ್ಟು ಪಡೆಯಬಲ್ಲ ಮನೆಗಳು ನಮ್ಮಲ್ಲಿ ಕೆಲವು. ಪಡೆಯಲಾರದ ಮನೆಗಳು ಬಹಳ. ಆದುದರಿಂದಲೇ ಮಕ್ಕಳಿಗೂ ತರುಣರಿಗೂ ಅವರ ಕುಟುಂಬಗಳಿಗೂ ಉಚಿತವಾಗಿ ನೆರವಾಗುವ ಏರ್ಪಾಡುಗಳು ಹಿಂದಿನಿಂದಲೂ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿವೆ. ಇವು ಹೇಗೆ ಬೆಳೆದುವು, ಇಂದು ಏನೇನಿವೆ, ಇದ್ದೂ ಎಲ್ಲರಿಗೂ ಏಕೆ ಮುಟ್ಟುತ್ತಿಲ್ಲ ಎಂಬುದನ್ನು ಸ್ಥೂಲವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಇಂದಿಗೂ ಹೆಬ್ಬೆಟ್ಟು ಒತ್ತುವವರು. ಅವ್ವ ಈಚೆಗೆ ತನ್ನ ಹೆಸರು ಬರೆಯಲು ಕಲಿತಳು. ಅಂಗನವಾಡಿಯ ಉಪ್ಪಿಟ್ಟಿನಿಂದ ಹಿಡಿದು ಈಗಿನ ವಿದ್ಯಾರ್ಥಿನಿಲಯದ ಮುದ್ದೆಯವರೆಗೆ ನನ್ನ ಓದಿನ ದಾರಿಯಲ್ಲೆಲ್ಲ ಸಮಾಜದ ನೆರವಿದೆ. ಆ ನೆರವನ್ನು ಬರಿದೆ ಹೊಗಳಿ ಕೈಮುಗಿಯುವುದಕ್ಕಿಂತ ಅದರ ಸ್ವರೂಪವನ್ನು ತಿಳಿಯುವುದು ಮೇಲೆಂದು ಭಾವಿಸಿ ಈ ಪ್ರಯತ್ನ ಮಾಡಿದ್ದೇನೆ.

ಉಚಿತವೆಂದರೇನು?

ಮೊದಲು ಪದದ ಅರ್ಥವನ್ನು ನೋಡೋಣ. ಕನ್ನಡದಲ್ಲಿ ಈ ಭಾವಕ್ಕೆ ಮೂರು ಮಾತುಗಳಿವೆ: ಪುಕ್ಕಟೆ, ಬಿಟ್ಟಿ, ಉಚಿತ. ಪುಕ್ಕಟೆಯೆಂದರೆ ಬೆಲೆಯಿಲ್ಲದೆ ಬಂದದ್ದು. ಬಿಟ್ಟಿಯೆಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿ ಕೊಡದೆ ಬಲವಂತವಾಗಿ ಮಾಡಿಸುವ ದುಡಿಮೆ ಎಂದು ಅದರ ಮೂಲಾರ್ಥ. ಉಚಿತವೆಂಬ ಮಾತಿಗಾದರೋ 'ತಕ್ಕುದು, ಯೋಗ್ಯವಾದುದು' ಎಂಬುದು ಮೊದಲ ಅರ್ಥ. 'ಹಣವಿಲ್ಲದೆ ದೊರೆಯುವುದು' ಎಂಬುದು ಆಮೇಲೆ ಸೇರಿದ ಅರ್ಥ.

ಈ ಮೂರು ಮಾತುಗಳ ಅಂತರದಲ್ಲಿಯೇ ನನ್ನ ವಾದದ ತಿರುಳಿದೆ. ಶಾಲೆಯ ಊಟವನ್ನೂ ಹಾಸ್ಟೆಲಿನ ವಾಸವನ್ನೂ ಕುರಿತು 'ಬಿಟ್ಟಿ ಕೂಳು' ಎಂದು ಆಡುವವರನ್ನು ಬಸ್ಸಿನಲ್ಲಿಯೂ ಅಂಗಡಿಯ ಜಗಲಿಯಲ್ಲಿಯೂ ನಾವೆಲ್ಲ ಕೇಳಿದ್ದೇವೆ. ಆದರೆ ತಲೆತಲಾಂತರದಿಂದ ಬಿಟ್ಟಿ ದುಡಿದವರ ಮಕ್ಕಳಿಗೆ ಇಂದು ಒಂದು ಹೊತ್ತಿನ ಅನ್ನ ದೊರೆತರೆ ಅದು ಬಿಟ್ಟಿಯಲ್ಲ, ಉಚಿತ, ಎಂದರೆ ತಕ್ಕುದು. ಕೊಡುವವನ ಔದಾರ್ಯದ ಮೇಲೆ ನಿಂತದ್ದು ದಾನ. ಪಡೆಯುವವನ ಯೋಗ್ಯತೆಯನ್ನು ಒಪ್ಪಿ ಸಮಾಜವೇ ವಹಿಸಿಕೊಂಡದ್ದು ಸೇವೆ. ದಾನಿಗೆ ಮನಸ್ಸು ಬದಲಾದರೆ ದಾನ ನಿಲ್ಲುತ್ತದೆ. ಸೇವೆ ಹಾಗೆ ನಿಲ್ಲುವಂತಿಲ್ಲ.

ಹಿಂದಿನ ಏರ್ಪಾಡುಗಳು

ಓದಲು ಪಟ್ಟಣಕ್ಕೆ ಬಂದ ಬಡ ಹುಡುಗನನ್ನು ಪೋಷಿಸಲು ನಮ್ಮ ನಾಡು ಕಂಡುಕೊಂಡಿದ್ದ ಹಳೆಯ ದಾರಿ ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಹೀಗೆ ಉಂಡು ಓದಿ ದೊಡ್ಡವರಾದವರು ಎಷ್ಟೋ ಮಂದಿ. ಕಚೇರಿಯೂ ಇಲ್ಲದೆ, ಅರ್ಜಿಯೂ ಇಲ್ಲದೆ, ನೆರೆಹೊರೆಯ ವಿಶ್ವಾಸವೊಂದರಿಂದಲೇ ನಡೆದ ಈ ಪದ್ಧತಿ ಮೆಚ್ಚತಕ್ಕದ್ದೇ ಸರಿ. ಆದರೆ ಅದಕ್ಕೊಂದು ಮೇರೆಯಿತ್ತು. ವಾರಾನ್ನ ದೊರೆಯುತ್ತಿದ್ದುದು ಬಹುಮಟ್ಟಿಗೆ ಮೇಲಿನ ಜಾತಿಯ ಗಂಡುಮಕ್ಕಳಿಗೆ. ಬೇರೆಯವರ ಅಡುಗೆಮನೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಈ ದಾರಿಯೂ ಮುಚ್ಚಿತ್ತು. ಹೆಣ್ಣುಮಕ್ಕಳ ಮಾತಂತೂ ದೂರ.

ಈ ಕೊರತೆಯನ್ನು ತುಂಬಲು ಎರಡು ಬಗೆಯ ಪ್ರಯತ್ನಗಳು ನಡೆದುವು. ಮೊದಲನೆಯದು ಮಠಗಳ ದಾಸೋಹ. ಹನ್ನೆರಡನೆಯ ಶತಮಾನದ ಶರಣರು ರೂಢಿಗೆ ತಂದ ಈ ಭಾವನೆಯನ್ನು ವಿದ್ಯಾರ್ಥಿಗಳ ಪಾಲನೆಗೆ ಅನ್ವಯಿಸಿದ ಕ್ಷೇತ್ರಗಳಲ್ಲಿ ತುಮಕೂರಿನ ಸಿದ್ಧಗಂಗೆ ಪ್ರಸಿದ್ಧವಾದುದು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವು ಜಾತಿಮತಗಳ ಎಣಿಕೆಯಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ದೊರೆಯುವಷ್ಟು ಬೆಳೆಯಿತು. ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ದಾಸೋಹವೆಂದರೆ 'ನಾನು ದಾಸ' ಎಂಬ ಭಾವ. ನೀಡುವವನು ತನ್ನನ್ನು ದಾಸನೆಂದು ತಿಳಿದರೆ ಉಣ್ಣುವವನು ತಲೆ ತಗ್ಗಿಸಬೇಕಾಗಿಲ್ಲ.

ಎರಡನೆಯದು ಸಮಾಜ ಸುಧಾರಕರ ಪ್ರಯತ್ನ. ಇದರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರನ್ನು (1859-1928) ನೆನೆಯದೆ ಮುಂದೆ ಹೋಗುವಂತಿಲ್ಲ. ವಕೀಲರಾಗಿದ್ದ ಅವರು ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ದಲಿತ ವರ್ಗಗಳ ಸೇವೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿದರು. ಅವರ ಕೆಲಸದಲ್ಲಿ ನನಗೆ ಬಹು ಮುಖ್ಯವೆಂದು ತೋರುವ ಅಂಶವೊಂದಿದೆ. ಮಗು ಶಾಲೆಗೆ ಹೋದರೆ ಮನೆಗೆ ಬರುವ ನಾಲ್ಕು ಕಾಸು ತಪ್ಪುತ್ತದೆ ಎಂಬುದು ಬಡವರ ಅಂಜಿಕೆ. ಇದನ್ನು ಬಲ್ಲ ರಾಯರು ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ದಿನಕ್ಕಿಷ್ಟೆಂದು ಕಾಸನ್ನೂ ಕೊಟ್ಟರು. ಮಗುವಿಗೆ ನೆರವಾಗಬೇಕಾದರೆ ಮನೆಗೂ ನೆರವಾಗಬೇಕು ಎಂಬ ಸತ್ಯವನ್ನು ಅವರು ಅಂದೇ ಕಂಡಿದ್ದರು.

ಸರ್ಕಾರದ ಹೊಣೆಯಾಗಿ ಈ ಕಾರ್ಯ ಮಾರ್ಪಟ್ಟದ್ದು ಮೆಲ್ಲಮೆಲ್ಲನೆ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ದೊರೆಯಬೇಕೆಂದೂ ಅವರ ಮಕ್ಕಳ ಓದಿಗೆ ಪ್ರೋತ್ಸಾಹ ಬೇಕೆಂದೂ ಅದು ಶಿಫಾರಸು ಮಾಡಿತು. ಮುಂದೆ ದೇವರಾಜ ಅರಸರ ಆಡಳಿತದಲ್ಲಿ 1972ರಲ್ಲಿ ಹಾವನೂರು ಆಯೋಗದ ನೇಮಕವಾಗಿ, 1975ರಲ್ಲಿ ಅದರ ವರದಿ ಬಂದಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೆಂದು ಪ್ರತ್ಯೇಕ ಇಲಾಖೆ ಏರ್ಪಟ್ಟಿತು. ತಾಲ್ಲೂಕು ಊರುಗಳಲ್ಲಿ ಇಂದು ನಾವು ಕಾಣುವ ಸರ್ಕಾರಿ ವಿದ್ಯಾರ್ಥಿನಿಲಯಗಳ ಹಿಂದೆ ಈ ದೀರ್ಘ ಚರಿತ್ರೆಯಿದೆ.

ಇಂದಿನ ಸೇವೆಗಳು

ಇಂದಿನ ಏರ್ಪಾಡುಗಳನ್ನು ಮಗುವಿನ ವಯಸ್ಸಿನ ಕ್ರಮದಲ್ಲಿ ನೋಡುವುದು ಅನುಕೂಲ.

ಹುಟ್ಟುವುದಕ್ಕೆ ಮೊದಲಿನಿಂದ ಆರು ವರ್ಷದವರೆಗೆ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಅವುಗಳಲ್ಲಿ ನಮ್ಮ ರಾಜ್ಯದ್ದು ತಿರುಮಕೂಡಲು ನರಸೀಪುರ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಕಂಡರೆ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಆರೋಗ್ಯಗಳ ತಿಳಿವಳಿಕೆ, ಹೀಗೆ ಆರು ಸೇವೆಗಳು ಇಲ್ಲಿ ಒಂದೇ ಸೂರಿನಡಿ ದೊರೆಯುತ್ತವೆ. ಇಂದು ಕರ್ನಾಟಕದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2017ರಿಂದ ಮಾತೃಪೂರ್ಣ ಯೋಜನೆಯಂತೆ ಬಸುರಿಯರಿಗೂ ಬಾಣಂತಿಯರಿಗೂ ಬಿಸಿಯೂಟದ ಏರ್ಪಾಡಾಗಿದೆ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳಲು 2023ರಲ್ಲಿ 'ಕೂಸಿನ ಮನೆ'ಗಳನ್ನು ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವ ಯೋಜನೆ ಬಂದಿದೆ. ನನ್ನ ಅವ್ವ ಕಳೆ ಕೀಳುವಾಗ ನನ್ನನ್ನು ಬದುವಿನ ಹೊಂಗೆ ಮರದಲ್ಲಿ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದಳಂತೆ. ಇಂತಹ ಮನೆಯ ಬೆಲೆ ಆಕೆಗೆ ಗೊತ್ತು.

ಶಾಲೆಗೆ ಸೇರಿದ ಮೇಲೆ ಬಿಸಿಯೂಟ. ಮದರಾಸಿನಲ್ಲಿ ಕಾಮರಾಜರು 1956ರಲ್ಲಿ ತೋರಿಸಿಕೊಟ್ಟ ದಾರಿ ಇದು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ 'ಅಕ್ಷರ ದಾಸೋಹ'ವೆಂಬ ಹೆಸರಿನಿಂದ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಈಚೆಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಹೊಟ್ಟೆ ತುಂಬುವುದಷ್ಟೇ ಇದರ ಫಲವಲ್ಲ. ಊರಿನಲ್ಲಿ ಬೇರೆ ಬೇರೆ ಬೀದಿಗಳಲ್ಲಿರುವ ಮಕ್ಕಳು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂರುತ್ತಾರೆ. ವಾರಾನ್ನ ಮಾಡಲಾರದ ಕೆಲಸವನ್ನು ಬಿಸಿಯೂಟ ಮಾಡುತ್ತಿದೆ.

ಓದಿಗೆ ಪುಸ್ತಕ ಬೇಕಲ್ಲವೆ? ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳೆನಿಸಿವೆ. 2020ರ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಎಂಬ ಕಾರ್ಯಕ್ರಮದ ಮೂಲಕ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲು ಮೊದಲುಮಾಡಿದರು.

ಹತ್ತನೆಯ ತರಗತಿಯಾದ ಮೇಲೆ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದವರಿಗೆ 2013ರಲ್ಲಿ ಬಂದ ವಿದ್ಯಾಸಿರಿ ಯೋಜನೆ. ಆರಂಭದಲ್ಲಿ ತಿಂಗಳಿಗೆ 1500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಖರ್ಚಿಲ್ಲ.

ಇವೆಲ್ಲ ಸುಖದ ದಿನಗಳ ನೆರವು. ಕಷ್ಟದ ದಿನಕ್ಕೂ ಏರ್ಪಾಡುಗಳಿವೆ. ಮಗುವನ್ನು ಹೊಡೆಯುತ್ತಿದ್ದರೆ, ಕೂಲಿಗೆ ಹಚ್ಚಿದ್ದರೆ, ಬಾಲ್ಯವಿವಾಹದ ಸಿದ್ಧತೆ ನಡೆದಿದ್ದರೆ 1098 ಎಂಬ ದೂರವಾಣಿ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ತಿಳಿಸಬಹುದು. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ಸೇವೆ 2023ರಲ್ಲಿ ಸರ್ಕಾರದ ಆಡಳಿತಕ್ಕೆ ಬಂದಿತು. ದಿಕ್ಕಿಲ್ಲದ ಮಕ್ಕಳ ಹೊಣೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಮನಸ್ಸು ಕುಗ್ಗಿದವರು ಮಾತನಾಡಲು 2022ರಿಂದ 14416 ಎಂಬ ಸಂಖ್ಯೆಯಿದೆ. ತರುಣರಿಗೆ ಮಾರ್ಗದರ್ಶನ ಮಾಡಲು ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ರೂಪುಗೊಂಡ 'ಯುವ ಸ್ಪಂದನ' ಕೇಂದ್ರಗಳನ್ನು ಜಿಲ್ಲೆಗಳಲ್ಲಿ ತೆರೆದಿದ್ದಾರೆ. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಅವರ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದಲ್ಲಿಯೇ ಅದಕ್ಕೊಂದು ಸಮಿತಿ ಇರುತ್ತದೆ.

ಒಂದೇ ಮನೆಯ ಇಬ್ಬರು ಮಕ್ಕಳು

ಪಟ್ಟಿಯನ್ನು ಓದಿದವರಿಗೆ ಎಲ್ಲವೂ ಸಮೃದ್ಧವಾಗಿದೆ ಎಂದು ತೋರಬಹುದು. ಪಟ್ಟಿಗೂ ಬಾಳಿಗೂ ನಡುವೆ ಇರುವ ದೂರಕ್ಕೆ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ.

ನನಗೊಬ್ಬಳು ಅಕ್ಕನಿದ್ದಾಳೆ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಓದಿನಲ್ಲಿ ನನಗಿಂತ ಜಾಣೆ. ಲೆಕ್ಕವನ್ನು ನನಗೆ ಹೇಳಿಕೊಟ್ಟವಳೇ ಅವಳು. ಹತ್ತನೆಯ ತರಗತಿಯಲ್ಲಿ ಅವಳಿಗೆ ಪ್ರಥಮ ದರ್ಜೆ ಬಂದಿತು. ಪಿ.ಯು. ಕಾಲೇಜು ಇದ್ದದ್ದು ಊರಿನಿಂದ ಇಪ್ಪತ್ತೆರಡು ಕಿಲೋಮೀಟರು ದೂರದಲ್ಲಿ. ನಮ್ಮೂರಿನ ಕಡೆಯ ಬಸ್ಸು ಸಂಜೆ ಐದಕ್ಕೇ ಹೊರಟುಬಿಡುತ್ತಿತ್ತು. ತಾಲ್ಲೂಕಿನಲ್ಲಿ ಬಾಲಕಿಯರ ವಿದ್ಯಾರ್ಥಿನಿಲಯವಿತ್ತು, ಅದಕ್ಕೆ ಅವಳು ಅರ್ಹಳಾಗಿದ್ದಳು, ಅರ್ಜಿಯನ್ನೂ ಕರೆದಿದ್ದರು. ಇವು ಮೂರೂ ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿತ್ತು. 'ಮುಂದಿನ ವರ್ಷ ನೋಡಿದರಾಯಿತು' ಎಂದರು. ಮುಂದಿನ ವರ್ಷ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಪಿ.ಯು. ಪುಸ್ತಕಗಳನ್ನು ಅವಳ ಸಂಬಳದಲ್ಲಿ ಕೊಂಡೆವು.

ನಾಲ್ಕು ವರ್ಷವಾದ ಮೇಲೆ ನನ್ನ ಸರದಿ ಬಂದಾಗ ಮನೆ ಅದೇ, ಬಡತನ ಅದೇ, ಇಲಾಖೆಯೂ ಅದೇ. ವ್ಯತ್ಯಾಸವಾದದ್ದು ಒಂದೇ ಒಂದು. ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಅಂಗನವಾಡಿ ಕಾರ್ಯಕರ್ತೆ ಒಂದು ಸಂಜೆ ಮನೆಗೆ ಬಂದು, "ಹಾಸ್ಟೆಲ್‌ಗೆ ಅರ್ಜಿ ಕರ್ದವ್ರೆ ಕಣವ್ವ. ನಾಳೀಕೆ ಮಗನ್ನ ನನ್ ಜೊತೆ ಕಳ್ಸು. ದುಡ್ಡೇನೂ ಕಟ್ಟಂಗಿಲ್ಲ" ಎಂದು ಅವ್ವನಿಗೆ ಹೇಳಿದರು. ಅದು ಆಕೆಯ ಕೆಲಸವಾಗಿರಲಿಲ್ಲ. ನಾಡಕಚೇರಿಗೆ ಕರೆದೊಯ್ದು ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಅರ್ಜಿ ಹಾಕಿಸಿದರು. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಬೇಕೆಂದು ಹೇಳಿಕೊಟ್ಟರು. ಎರಡು ದಿನದ ಓಡಾಟ. ಆ ಎರಡು ದಿನಗಳ ಫಲವಾಗಿ ನಾನು ಇಂದು ಬಿ.ಎ. ಅಂತಿಮ ವರ್ಷದಲ್ಲಿದ್ದೇನೆ.

ಇದರಿಂದ ನಾನು ತಿಳಿದ ಪಾಠ ಇಷ್ಟು: ಸೇವೆ ಇದ್ದರೆ ಸಾಲದು, ಅದು ಮನೆಯ ಹೊಸ್ತಿಲಿಗೆ ಬರಬೇಕು. ಹಾಗೆ ಬರುವುದು ಯಾರಾದರೂ ಒಬ್ಬರು ನಡೆದುಕೊಂಡು ಬಂದಾಗ ಮಾತ್ರ.

ನೆರವು ಮುಟ್ಟದಿರಲು ಕಾರಣಗಳು

ಕಾರಣಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ತಿಳಿವಳಿಕೆಯ ಅಭಾವ. ಪ್ರಕಟಣೆಗಳು ಪತ್ರಿಕೆಯಲ್ಲಿ ಬರುತ್ತವೆ, ಈಗ ಗಣಕಯಂತ್ರದಲ್ಲಿ ಬರುತ್ತವೆ. ಆದರೆ ಯಾರಿಗಾಗಿ ಬರುತ್ತವೆಯೋ ಅವರು ಓದಲಾರರು. ಅತ್ತರೆ ತಾನೆ ತಾಯಿಯೂ ಹಾಲು ಕೊಡುವುದು ಎನ್ನುತ್ತಾರೆ. ಯಾರ ಮುಂದೆ ಅಳಬೇಕೆಂದೇ ತಿಳಿಯದವರು ಏನು ಮಾಡಬೇಕು?

ಎರಡನೆಯದು ಕಾಗದಪತ್ರ. ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು. ಒಂದು ಅಕ್ಷರದ ವ್ಯತ್ಯಾಸದಿಂದ ವಿದ್ಯಾರ್ಥಿವೇತನ ನಿಂತ ಗೆಳೆಯರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಪ್ರಮಾಣಪತ್ರಕ್ಕಾಗಿ ಮೂರು ಬಾರಿ ಕಚೇರಿಗೆ ಅಲೆದರೆ ಮೂರು ದಿನದ ಕೂಲಿ ಹೋಯಿತು. ಹಣ ಕೇಳದ ಸೇವೆಯೂ ಹೀಗೆ ಬಡವನಿಂದ ಬೆಲೆ ತೆಗೆದುಕೊಳ್ಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂತಹ ಕಡೆ ನೆನಪಾಗುತ್ತದೆ.

ಮೂರನೆಯದು ನಾಚಿಕೆ. 'ಹಾಸ್ಟೆಲ್ ಹುಡುಗ' ಎಂದು ಕರೆಸಿಕೊಳ್ಳಲು ಹಿಂಜರಿದು ಬಾಡಿಗೆ ಕೋಣೆಯಲ್ಲಿ ಅರೆಹೊಟ್ಟೆ ಉಂಡು ಓದುವವರನ್ನು ಬಲ್ಲೆ. ಮನಸ್ಸಿಗೆ ಬೇಗೆಯಾದಾಗ ಸಲಹೆ ಕೇಳಿದರೆ ಹುಚ್ಚನೆಂದಾರು ಎಂಬ ಅಂಜಿಕೆಯೂ ಇದೇ ಜಾತಿಯದು. ಬಿಟ್ಟಿ ಎಂಬ ಮಾತು ಮಾಡುವ ಕೇಡು ಇದು.

ನಾಲ್ಕನೆಯದು ನಡುವಣ ಕಂದರ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ಕೊಡುತ್ತದೆ. ಬಿಸಿಯೂಟ ಹತ್ತನೆಯ ತರಗತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಸೇವೆಯೇ ಮಗುವಿನ ಊರಿನಲ್ಲಿ, ಸಮೀಪದಲ್ಲಿ ಇರುತ್ತದೆ. ಹತ್ತನೆಯ ತರಗತಿಯ ಫಲಿತಾಂಶದ ಮರುದಿನದಿಂದ ಮಗುವೇ ಸೇವೆಯನ್ನು ಹುಡುಕಿಕೊಂಡು ಹೋಗಬೇಕು. ಹದಿನಾರು ವರ್ಷದ ಹುಡುಗಿ, ಅಕ್ಷರ ಬಾರದ ತಾಯಿತಂದೆಗಳು, ಹದಿನೈದು ದಿನದ ಗಡುವು. ನನ್ನ ಅಕ್ಕ ನಿಂತುಬಿಟ್ಟದ್ದು ಈ ಕಂದರದ ಅಂಚಿನಲ್ಲಿಯೇ. ಬಾಲ್ಯವಿವಾಹದ ಅಪಾಯ ಹೆಚ್ಚಾಗಿರುವುದೂ ಓದು ನಿಂತು ಮನೆಯಲ್ಲಿ ಉಳಿದ ಈ ವಯಸ್ಸಿನ ಹುಡುಗಿಯರಿಗೇ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸೇವೆಯನ್ನು ಹೊತ್ತು ಮನೆಮನೆಗೆ ನಡೆಯುವ ಅಂಗನವಾಡಿ ಕಾರ್ಯಕರ್ತೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಬಿಸಿಯೂಟ ಬೇಯಿಸುವ ತಾಯಂದಿರದೂ ಅದೇ ಸ್ಥಿತಿ. ಪಡೆಯುವವರಿಗೆ ಸೇವೆ ಉಚಿತವಾಗಿರಲಿ. ಮಾಡುವವರಿಂದ ಅದನ್ನು ಬಿಟ್ಟಿಯಾಗಿ ಮಾಡಿಸುವುದು ಉಚಿತವಲ್ಲ.

ನಮ್ಮ ಕರ್ತವ್ಯ

ಈ ಕಾಲೇಜಿನಲ್ಲಿ ನನ್ನಂತೆ ಮನೆಯ ಮೊದಲ ಪದವೀಧರರಾಗಲಿರುವವರು ಬಹಳ ಮಂದಿ. ನಾವು ಏನು ಮಾಡಬಲ್ಲೆವು? ಹಣ ನಮ್ಮಲ್ಲಿಲ್ಲ. ಆದರೆ ದಾರಿ ಗೊತ್ತು. ಯಾವ ಕಚೇರಿ, ಯಾವ ಕಿಟಕಿ, ಯಾವ ಕಾಗದ ಎಂಬುದನ್ನು ಅಲೆದು ಕಲಿತಿದ್ದೇವೆ. ಈ ತಿಳಿವಳಿಕೆ ನಮ್ಮಲ್ಲಿಯೇ ಕೊಳೆಯಬಾರದು.

ನನ್ನ ಸೂಚನೆಗಳು ಸಣ್ಣವು. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ನಾವು ಒಬ್ಬೊಬ್ಬರೂ ನಮ್ಮ ನಮ್ಮ ಊರಿನ ತೇರ್ಗಡೆಯಾದ ಮಕ್ಕಳ ಮನೆಗಳಿಗೆ ಹೋಗಬೇಕು. ಹೆಣ್ಣುಮಕ್ಕಳಿರುವ ಮನೆಗೆ ಮೊದಲು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪರೀಕ್ಷೆಗೆ ಮುಂಚೆಯೇ ಮಾಡಿಸಿಡಲು ಹೇಳಬೇಕು. ಫಲಿತಾಂಶ ಬಂದ ಮೇಲೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಹೆಸರಿನ ಅಕ್ಷರಗಳು ಎಲ್ಲ ದಾಖಲೆಗಳಲ್ಲಿಯೂ ಒಂದೇ ಆಗಿವೆಯೇ ಎಂದು ನೋಡಿಕೊಡಬೇಕು. ನಾಪಾಸಾದ ಮಕ್ಕಳ ಮನೆಗೂ ಹೋಗಬೇಕು. ಮರುಪರೀಕ್ಷೆಯ ಶುಲ್ಕ ಕಟ್ಟುವ ದಿನಾಂಕವನ್ನು ತಿಳಿಸಬೇಕು. 1098 ಎಂಬ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೂ ಹಾಲಿನ ಡೈರಿಯ ಗೋಡೆಯ ಮೇಲೂ ಬರೆಯಿಸಬೇಕು. 2006ರಿಂದ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಡೆಯಬೇಕಾಗಿರುವ ಮಕ್ಕಳ ಗ್ರಾಮಸಭೆ ನಿಜವಾಗಿ ನಡೆಯುವಂತೆ ಕೇಳಬೇಕು. ಕಡೆಯ ಬಸ್ಸಿನ ಹೊತ್ತನ್ನು ಬದಲಿಸಬೇಕೆಂಬಂತಹ ಮಾತುಗಳನ್ನು ಆಡಲು ಅದೇ ತಕ್ಕ ಸ್ಥಳ.

ಅಧ್ಯಾಪಕರಲ್ಲಿಯೂ ಒಂದು ವಿನಂತಿ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಪ್ರತಿವರ್ಷ ಶಿಬಿರ ನಡೆಸಿ ರಸ್ತೆ ಗುಡಿಸುತ್ತದೆ, ಗಿಡ ನೆಡುತ್ತದೆ. ಅದು ಒಳ್ಳೆಯ ಕೆಲಸವೇ. ಅದರೊಡನೆ ವರ್ಷಕ್ಕೆ ಎರಡು ವಾರ ಕಾಲೇಜಿನ ಒಂದು ಕೊಠಡಿಯಲ್ಲಿ ಅರ್ಜಿ ತುಂಬಿಕೊಡುವ ಸಹಾಯಕೇಂದ್ರವನ್ನು ತೆರೆಯಲು ಅವಕಾಶ ಮಾಡಿಕೊಟ್ಟರೆ ನಾವು ಕೂತು ಕೆಲಸ ಮಾಡಲು ಸಿದ್ಧ. ಗಣಕಯಂತ್ರ ಇದೆ, ಕೈಗಳಿವೆ. ಖರ್ಚು ಹೆಚ್ಚಿಲ್ಲ.

ವಾರಾನ್ನದ ಕಾಲದಲ್ಲಿ ಹುಡುಗನೊಬ್ಬನ ಓದಿಗೆ ಏಳು ಮನೆಗಳು ಬೇಕಾಗಿದ್ದುವು. ಇಂದು ಅನ್ನವನ್ನು ಸರ್ಕಾರ ವಹಿಸಿಕೊಂಡಿದೆ. ಆದರೆ ಆ ಏಳು ಮನೆಯವರು ಹುಡುಗನ ಮುಖ ಬಲ್ಲವರಾಗಿದ್ದರು. ಇವತ್ತು ಅವನು ಊಟಕ್ಕೆ ಬರಲಿಲ್ಲವೇಕೆ ಎಂದು ಕೇಳುವವರಾಗಿದ್ದರು. ಇಲಾಖೆ ಅನ್ನ ಕೊಡಬಲ್ಲದು, ಹೀಗೆ ಕೇಳಲಾರದು. ಕೇಳುವ ಕೆಲಸ ಊರಿನಲ್ಲಿ ಇರುವ ನಮ್ಮ ಪಾಲಿನದು. ಪರೀಕ್ಷೆ ಮುಗಿಸಿ ಊರಿಗೆ ಮರಳುವ ಸಹಪಾಠಿಗಳು ಈ ಬೇಸಗೆಯಲ್ಲಿ ಒಂದೊಂದು ಮನೆಯ ಬಾಗಿಲನ್ನಾದರೂ ತಟ್ಟಲಿ ಎಂದು ಕೇಳಿಕೊಳ್ಳುತ್ತೇನೆ.